ಬೇಡವಾಗಲೆಂದೇ ಮಾಡಿದ ಪುಟ

ವೆಬ್‌ಸೈಟ್ ಮಾಡಿಸಲು ಬಂದಿದ್ದ ಸಾಬೂನು ಕಾರ್ಖಾನೆಯ ಅಬು ಗಾಲಿಬ್, ಪರದೆಯ ಮೇಲಿದ್ದ ಮೂರನೆಯ ಪುಟದ ಮೇಲೆ ಬೆರಳಿಟ್ಟರು. ಪುಟಗಳನ್ನು ವಿನ್ಯಾಸ ಮಾಡಿದ್ದ ಸುಂದುಸ್ ಮುಂದಕ್ಕೆ ಬಾಗಿದಳು. ಅದು ಬೇಡವಾಗಲೆಂದೇ ಮಾಡಿದ ಪುಟ. ಗಿರಾಕಿಗೆ ಮೂರು ವಿನ್ಯಾಸ ತೋರಿಸಬೇಕು, ಒಂದು ಬೇಕೆಂದೇ ಸಪ್ಪೆಯಾಗಿರಬೇಕು, ಆಗ ಒಳ್ಳೆಯದು ಎದ್ದು ಕಾಣುತ್ತದೆ ಎನ್ನುವುದು ಏಜೆನ್ಸಿಯ ಯಜಮಾನ ನಿಹಾದ್ ಕಲಿಸಿದ ಪಾಠ. ನೊರೆಯ ನಡುವೆ ನಗುವ ಯಾವುದೋ ವಿದೇಶಿ ಹುಡುಗಿಯ ಚಿತ್ರ ಹಾಕಿ ಹತ್ತೇ ನಿಮಿಷದಲ್ಲಿ ಮುಗಿಸಿದ್ದಳು.

ಮೊದಲ ಪುಟಕ್ಕಾಗಿ ಮೂರು ವಾರ ನಾಬ್ಲಸ್‌ನ ಅವರ ಕಾರ್ಖಾನೆಯಲ್ಲೇ ಕೂತಿದ್ದಳು. ಪುಟದ ತುಂಬ ಅಬು ಗಾಲಿಬರ ಕೈಗಳು. ಸಾಬೂನಿನ ಕ್ಷಾರಕ್ಕೆ ಬಿರಿದ ಆ ಬೆರಳುಗಳು ಒಂದೊಂದೇ ಬಿಲ್ಲೆಗೆ ಮುದ್ರೆ ಒತ್ತುತ್ತಿದ್ದವು.

“ಇದೇ ಇರ್ಲಿ,” ಅಂದರು ಅಬು ಗಾಲಿಬ್, ಪರದೆಯ ಮೇಲಿನ ಹುಡುಗಿಯನ್ನು ನೋಡುತ್ತ.

“ಚಿಕ್ಕಪ್ಪ,” ಹಿರಿಯರನ್ನು ಕರೆಯುವ ವಾಡಿಕೆಯಲ್ಲೇ ಅಂದಳು ಸುಂದುಸ್, “ಅದು ಎಲ್ಲಿ ಬೇಕಾದ್ರೂ ಸಿಗೋ ಪಟ. ಈ ಕೈ ನಿಮ್ದು. ಇನ್ನೆಲ್ಲೂ ಸಿಗಲ್ಲ.”

“ಅದಕ್ಕೇ ಬೇಡಮ್ಮ. ಇಂಥ ಕೈ ನೋಡಿದ್ಮೇಲೆ ಆ ಸಾಬೂನು ಯಾರು ಮೈಗೆ ಹಚ್ಕೋತಾರೆ?”

“ನೀವು ಹೇಳ್ದಂಗೇ ಆಗ್ಲಿ, ಹಾಜಿ,” ಎಂದು ನಿಹಾದ್ ಮೊದಲ ಪುಟವನ್ನು ಅಳಿಸಿದ.

ಕಾಫಿ ಬಂತು. ಅದು ಆರುತ್ತಿದ್ದರೂ ಅಬು ಗಾಲಿಬ್ ಲೋಟ ಮುಟ್ಟಲಿಲ್ಲ. ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೇ ಕೂತಿದ್ದರು.