ಮಿಲ್ಲಿನವನ ಮೂಗು

ಹೆಣ್ಣಿನ ಅಕ್ಕ ಟವೆಲಿನ ಗಂಟನ್ನು ಇನ್ನೊಂದು ಸುತ್ತು ಬಿಗಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎಂಬ ಗಾದೆ ಯಾವ ಪುಣ್ಯಾತ್ಮನನ್ನು ನೋಡಿ ಹುಟ್ಟಿತೋ, ಇವತ್ತು ಬಂದು ತನ್ನ ಹೆಗಲೇರಿತಲ್ಲ ಎಂದುಕೊಂಡ ಎಣ್ಣೆ ಮಿಲ್ಲಿನವನು. ನಲವತ್ತೈದನೆಯ ವಯಸ್ಸಿಗೆ ಮದುವೆಯ ಮಾತಿಗೆಂದು ಬಂದು, ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಪರರ ಮನೆಯ ಬೆಂಚಿನ ಮೇಲೆ ಕಣ್ಣು ಕಟ್ಟಿಸಿಕೊಂಡು ಕೂತಿದ್ದ. ಒಳಗೆ ಅಡುಗೆಮನೆಯಲ್ಲಿ ಆಲೂಗಡ್ಡೆ ಬಿಲ್ಲೆಗಳು ಕಾದ ಎಣ್ಣೆಗೆ ಚುರ್ರೆಂದು ಇಳಿಯುತ್ತಿದ್ದವು. ಅವನಿಗೆ ಆ ಸದ್ದಷ್ಟೇ ಬಂತು. ವಾಸನೆ ಬರಲಿಲ್ಲ.

ಮೂರು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ವಾಸನೆ ತಿಳಿಯದವನ ಹತ್ತಿರ ಎಣ್ಣೆ ಕೊಳ್ಳುವವರಾರೆಂದು ಈ ಸಂಗತಿಯನ್ನು ದೇವರಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಕರಿದ ಆಲೂಗಡ್ಡೆ ಅಂಗಡಿಗೆ ಒಂದು ಡಬ್ಬ ಎಣ್ಣೆ ಇಳಿಸುವುದು, ಸಂಜೆ ಬಂದು ಒಂದು ಬಿಲ್ಲೆ ಬಾಯಿಗಿಟ್ಟು ಕಣ್ಣು ಮುಚ್ಚಿ, ಇಂಥ ಎಣ್ಣೆ ಎಂದು ಹೆಸರು ಹಿಡಿದು ಹೊಗಳುವುದು. ಬೆಳಿಗ್ಗೆ ತಾನೇ ಹೊತ್ತು ತಂದದ್ದು, ತಪ್ಪುವುದೆಲ್ಲಿಂದ ಬಂತು? ಹೊಗಳಿದಷ್ಟೂ ಅಂಗಡಿಯವಳು ನಗುತ್ತಿದ್ದಳು. ಆ ನಗುವೇ ಇಬ್ಬರನ್ನೂ ಇಲ್ಲಿಯವರೆಗೆ ತಂದಿತ್ತು.

ಅಡ್ಡ ಬಂದದ್ದು ಅವಳ ಅಕ್ಕ. ಬಾಣಲೆಯನ್ನೇ ನಂಬಿದ ಮನೆಗೆ ಕಮಟು ಎಣ್ಣೆಯನ್ನು ಹತ್ತು ಹೆಜ್ಜೆ ದೂರದಿಂದ ಹಿಡಿಯುವ ಗಂಡಸು ಬೇಕು ಎಂದು ಅವಳ ಹಟ. ಬೇರೆ ಅಂಗಡಿಯಿಂದ ನಾಲ್ಕು ಬಗೆ ಎಣ್ಣೆ ತಾನೇ ಕೊಂಡು ತಂದಿದ್ದಳು. ತಂಗಿ ಕರಿದು ತರಬೇಕು, ಇವನು ಹೆಸರು ಹೇಳಬೇಕು. ಒಂದು ತಪ್ಪಿದರೂ ಟೀ ಕುಡಿದು ಹೊರಡುವುದು.

ಮೊದಲ ತಟ್ಟೆ ಬಂತು. ಬಿಸಿ, ಉಪ್ಪು, ಗರಿಗರಿ; ಅದಕ್ಕಿಂತ ಹೆಚ್ಚೇನೂ ಅವನ ನಾಲಿಗೆಗೆ ತಿಳಿಯಲಿಲ್ಲ. ಹೇಗಿದ್ದರೂ ನಾಲ್ಕು ತಟ್ಟೆಗೆ ನಾಲ್ಕು ಎಣ್ಣೆ ಎಂದು ದೇವರ ಮೇಲೆ ಭಾರ ಹಾಕಿ, ಮಿಲ್ಲಿನಲ್ಲಿ ಅಪ್ಪನಿಂದ ಬಾಯಿಪಾಠವಾಗಿದ್ದ ಹೊಗಳಿಕೆಯನ್ನು ಪದ್ಯ ಒಪ್ಪಿಸುವಂತೆ ರಾಗವಾಗಿ ಎಳೆದ. ಇದು ಕೊಬ್ಬರಿ ಎಣ್ಣೆ. ತುಟಿಗೆ ತಾಗುವ ಮೊದಲೇ ಸಿಹಿ ಬಂದು ಕದ ತಟ್ಟುತ್ತದೆ. ಅಕ್ಕ ಹೂಂ ಎಂದಳು. ಎರಡನೆಯದು ಕಡಲೆಕಾಯಿ ಎಣ್ಣೆ. ಮನೆಯ ಹಿರಿಸೊಸೆಯ ಹಾಗೆ, ಎಲ್ಲ ಕೆಲಸವೂ ಅದರದೇ, ತಾನಿದ್ದೇನೆಂದು ಮಾತ್ರ ಹೇಳಿಕೊಳ್ಳುವುದಿಲ್ಲ. ಅಕ್ಕನ ಹೂಂ ಗಿಡ್ಡವಾಯಿತು. ಮೂರನೆಯದು ಎಳ್ಳೆಣ್ಣೆ, ಮೊದಲು ಹುರಿದ ಘಮ, ಆಮೇಲೆ ಎಳೆಯಷ್ಟು ಕಹಿ, ಆ ಕಹಿ ಹೋಗುತ್ತಾ ಬಿಟ್ಟುಹೋಗುವ ಸವಿ. ಈ ಸಲ ಹೂಂ ಕೂಡ ಬರಲಿಲ್ಲ. ಒಳಗೆ ಜಾಲರಿ ಸೌಟು ಠಣ್ಣೆಂದು ನೆಲಕ್ಕೆ ಬಿತ್ತು. ನಾಲ್ಕನೆಯದು ಸಾಸಿವೆ ಎಣ್ಣೆಯಲ್ಲದೆ ಇನ್ನೇನು? ಅದರ ಘಾಟು ಮೂಗಿನ ಏಣಿ ಹತ್ತಿ ಕಣ್ಣಿಗಿಳಿಯುತ್ತದೆ ಎಂದು, ಟವೆಲಿನಡಿಯಲ್ಲಿ ಕಷ್ಟಪಟ್ಟು ಒಂದು ಹನಿ ನೀರನ್ನೂ ಹಿಂಡಿ ತೋರಿಸಿದ.

ಅಕ್ಕ ನಾಲ್ಕೂ ತಟ್ಟೆಯಿಂದ ಒಂದೊಂದು ಬಿಲ್ಲೆ ತಿಂದು, ಬೆರಳು ಒರೆಸಿಕೊಂಡು, ಟವೆಲು ಬಿಚ್ಚಿದಳು.

"ಮೂರನೇದು ಸರಿ."

"ಮಿಕ್ಕಿದ್ದು?"

"ಮಿಕ್ಕಿದ್ದೂ ಮೂರನೇದೇ. ನಾಲ್ಕೂ ಎಳ್ಳೆಣ್ಣೆ. ಅದೂ ನಿಮ್ಮ ಮಿಲ್ಲಿಂದೇ."

ಬಾಗಿಲಲ್ಲಿ ತಂಗಿ ಏಪ್ರನ್ನನ್ನು ಬಾಯಿಗೆ ತುರುಕಿಕೊಂಡು, ನಗು ತಡೆಯಲಾರದೆ ಚೌಕಟ್ಟು ಹಿಡಿದು ನಿಂತಿದ್ದಳು. ಅಕ್ಕ ತಂದ ಎಣ್ಣೆಗಳು ಚೀಲದಲ್ಲಿ ಸೀಲು ಒಡೆಯದೆ ಹಾಗೇ ಇದ್ದವು.

"ಬೆಳಿಗ್ಗೆ ತಂದಿಟ್ಟಿದ್ದನ್ನೇ ದಿನಾ ಸಂಜೆ ಹೇಳ್ತೀರಲ್ಲ ಅಂತ ನಾಲ್ಕಕ್ಕೂ ಇವತ್ತು ತಂದಿದ್ದನ್ನೇ ಹಾಕ್ದೆ," ಎಂದಳು ತಂಗಿ. "ಬುದ್ಧಿ ಉಪಯೋಗಿಸೋಕೆ ನಿಮಗೆ ಇವತ್ತೇ ಆಗ್ಬೇಕಿತ್ತಾ?"

ಎರಡು ವರ್ಷದ ಹಿಂದೆ ಒಂದು ದಿನ ಡಬ್ಬ ಮಗುಚಿ, ಪಕ್ಕದ ಅಂಗಡಿಯಿಂದ ಕೊಬ್ಬರಿ ಎಣ್ಣೆ ಈಸಿಕೊಂಡು ಕರಿದಿದ್ದಳಂತೆ. ಬೀದಿಯೆಲ್ಲ ಕೊಬ್ಬರಿ ಘಮ. ಇವನು ಬಂದು ಕಣ್ಣು ಮುಚ್ಚಿ, ಕಡಲೆಕಾಯಿ ಎಣ್ಣೆಯನ್ನು ಹತ್ತು ನಿಮಿಷ ಹೊಗಳಿ ಹೋಗಿದ್ದನಂತೆ. ಅವತ್ತೇ ಅವಳಿಗೆ ಎಲ್ಲ ಗೊತ್ತಾಗಿತ್ತು.

ಮಿಲ್ಲಿನವನು ಜ್ವರದ ಕಥೆಯನ್ನು ಎರಡೇ ಮಾತಿನಲ್ಲಿ ಒಪ್ಪಿಕೊಂಡು, ಟೀಯನ್ನೂ ಕೇಳದೆ, ಬಾಗಿಲ ಬಳಿ ಹೋಗಿ ಚಪ್ಪಲಿಗೆ ಕಾಲು ತೂರಿಸಿದ. ಎಡಗಾಲಿಗೆ ಬಲಗಾಲಿನದು ಸಿಕ್ಕಿತು.

"ಎರಡು ವರ್ಷದಿಂದ ಈ ಮನುಷ್ಯ ನಿನ್ನ ಮೂಗಿಗೆ ತುಪ್ಪ ಸವರ್ತಿದಾನೆ," ಅಕ್ಕ ತಂಗಿಯ ಕಡೆ ತಿರುಗಿದಳು. "ಮೂಗಿಲ್ಲ ಅಂತ ಗೊತ್ತಿದ್ದೂ ಗೊತ್ತಿದ್ದೂ ಒಪ್ಕೊಂಡ್ಯಾ?"

ತಂಗಿ ನಗುತ್ತಲೇ ಬಂದು ಬೆಂಚಿನ ತುದಿಯಲ್ಲಿ ಕೂತಳು. ನಕ್ಕು ನಕ್ಕು ಅವಳಿಗೆ ಉಸಿರು ಹಿಡಿದಿತ್ತು.

"ಎಂಥ ಸೋಪು ಹಾಕಿ ತಿಕ್ಕಿದ್ರೂ ನನ್ನ ತಲೆಯಿಂದ ಬಾಣಲೆ ವಾಸನೆ ಹೋಗಲ್ಲಕ್ಕ. ಬಸ್ಸಲ್ಲಿ ಪಕ್ಕದೋರು ಎದ್ದು ಬೇರೆ ಸೀಟಿಗೆ ಹೋಗ್ತಾರೆ. ನೀನೂ ನಿನ್ನ ಮಂಚಾನ ಕಿಟಕಿ ಹತ್ರ ಎಳ್ಕೊಂಡಿದ್ದೀಯ." ಅವಳು ಬೆಂಚಿನ ಮೇಲೆ ಸ್ವಲ್ಪ ಸರಿದು, ಬಾಗಿಲಲ್ಲಿ ನಿಂತವನಿಗೆ ಜಾಗ ಮಾಡಿದಳು. "ಮೂಗಿರೋರನ್ನೆಲ್ಲ ನೋಡಾಯ್ತು."