ಬಿಪಿ ಗಾಡಿ

ಆರೋಗ್ಯಸೇವೆ ಎಲ್ಲರಿಗೂ ಸಮಾನವಾಗಿ ಸಿಗಬೇಕೆಂದು ಹತ್ತು ವರ್ಷ ಸಂಶೋಧನೆ ಮಾಡಿದ್ದ ವಸುಮತಿಯ ಬಿಪಿ ತಪಾಸಣೆಯ ವ್ಯಾನಿಗೆ, ಅದು ನಿಂತಿದ್ದ ಬೀದಿಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ಇವತ್ತೂ ಯಾರೂ ಬರದಿದ್ರೆ ನಿಮ್ಮ ಯೋಜನೆಗೆ ಎಳ್ಳುನೀರೇ, ಮೇಡಂ," ಎಂದಳು ನರ್ಸ್.

"'ಮಾನ್ಯ ನಾಗರಿಕರೇ' ಅಂತ ಕರೆದ್ರೆ ಯಾರ್ ಬರ್ತಾರೆ? ಇರು, ನೋಡು!"

ಕಾಲೇಜಿನಲ್ಲಿ ಮಿಮಿಕ್ರಿಗೆ ಬಹುಮಾನ ಹೊಡೆದಿದ್ದ ವಸುಮತಿ ಮೈಕ್ ಹಿಡಿದು, ಥೇಟ್ ತರಕಾರಿ ಗಾಡಿಯವನಂತೆ ಮೂಗಿನಲ್ಲಿ ರಾಗ ಎಳೆದಳು: "ಬಿಪೀಯ್... ತಾಜಾ ಬಿಪೀಯ್... ಬನ್ರಮ್ಮೋ, ಬಿಪೀಯ್!"

ಬಾಗಿಲುಗಳು ದಡಬಡನೆ ತೆರೆದವು. ಹೆಂಗಸರು ಚೀಲ ಹಿಡಿದುಕೊಂಡೇ ಸಾಲುಗಟ್ಟಿದರು. ಬೀಗುತ್ತ ವಸುಮತಿ ಮೊದಲು ಬಂದ ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದಳು.

"ನೂರಾ ಎಪ್ಪತ್ತು, ಅಜ್ಜಿ!"

ಅಜ್ಜಿ ಚೀಲ ಕೊಡವಿದರು. "ಜಾಸ್ತಿ ಆಯ್ತಮ್ಮ. ನೂರಿಪ್ಪತ್ತಕ್ಕೆ ಕೊಡೋದಾದ್ರೆ ಕೊಡು, ಇಲ್ಲಾಂದ್ರೆ ಇನ್ನೊಂದ್ ಗಾಡಿ ಬರುತ್ತೆ."