ಬರೀ ನೀರಿನ ಕುಡಿಕೆ

ಮೂರನೆಯ ಕುಡಿಕೆ ಮತ್ತೆ ನೊಣಗಳಿಂದ ತುಂಬಿತ್ತು. ಪಾಂಡುರಂಗ ಒಂದು ಹೆಜ್ಜೆ ಹಿಂದೆ ಸರಿದ.

ನಾರಾಯಣಪುರದ ಅವನ ಪೇರಲ ತೋಟಕ್ಕೆ ಹಣ್ಣು ನೊಣದ ಕಾಟ. ನೊಣ ಯಾವ ವಾಸನೆಗೆ ಬರುತ್ತದೆಂದು ಪರೀಕ್ಷಿಸಲು ಗ್ರಾಮಸೇವಕ ಅಜೀಮುದ್ದೀನ್ ಮೂರು ಗಿಡಗಳಿಗೆ ಮೂರು ಕುಡಿಕೆ ಕಟ್ಟಿಸಿದ್ದರು. ಒಂದರಲ್ಲಿ ಬೆಲ್ಲದ ನೀರು, ಇನ್ನೊಂದರಲ್ಲಿ ಸೇಂದಿ. ಹೋಲಿಸಿ ನೋಡಲು ಮೂರನೆಯದರಲ್ಲಿ ಬರೀ ನೀರು.

ಬೆಲ್ಲಕ್ಕೆ ನಾಲ್ಕು ನೊಣ, ಸೇಂದಿಗೆ ಒಂಬತ್ತು. ಬರೀ ನೀರಿಗೆ ಇನ್ನೂರು!

"ನೀರಿಗಿ ನೊಣ ಬೀಳೂದು ಎಲ್ಲ್ಯಾರ ಅದ ಏನಪಾ?" ಅಜೀಮುದ್ದೀನ್ ಕುಡಿಕೆ ಮೂಸಿದರು. ನಶ್ಯ ಏರಿಸಿ ಏರಿಸಿ ಮಂದವಾದ ಮೂಗಿಗೆ ಏನೂ ಹತ್ತಲಿಲ್ಲ. ತೇಲುತ್ತಿದ್ದ ಎಲೆಯ ಚೂರನ್ನು ಬೆರಳಿಂದ ಚಿಮ್ಮಿದರು.

"ನಮ್ಮ ಗಯಾ ಬರಾಕತ್ತಾಳ್ರಿ ಸಾಹೇಬ್ರ," ಎಂದ ಪಾಂಡುರಂಗ.

ಆ ಮೂರನೆಯದು ಅವನ ಹೆಂಡತಿ ಗಯಾಬಾಯಿ ನೆಟ್ಟ ಗಿಡ. ಹೋದ ಶ್ರಾವಣದಲ್ಲಿ, ಮೈಯಲ್ಲಿ ಜ್ವರ ಇಟ್ಟುಕೊಂಡೇ ಹಣ್ಣು ಕೀಳುತ್ತ ಅದರ ಬುಡದಲ್ಲೇ ಕುಸಿದಿದ್ದಳು. ಅವನು ಕಲ್ಯಾಣದಿಂದ ಡಾಕ್ಟರನ್ನು ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹತ್ತಿರವಿದ್ದವಳು ತಾಯಿ ಧೂಳಮ್ಮ ಒಬ್ಬಳೇ. ಅತ್ತೆ ಸೊಸೆ ಹಾವು ಮುಂಗುಸಿ. ಆದರೂ ಅಂದು ಧೂಳಮ್ಮ ಹೇಳಿದ್ದಳು: "ಬಾಯಾಗ ತುಳಸಿ ನೀರು ಹಾಕೀನಿ. ಸುಖವಾಗಿ ಹೋದಳು." ಆ ಒಂದು ಮಾತಿನ ಮೇಲೆ ಅವನು ವರ್ಷ ಕಳೆದಿದ್ದ.

ಹಾಗಿದ್ದರೆ ಯಾಕೆ ಬರುತ್ತಿದ್ದಾಳೆ? ಸಂಜೆ ತಾಯಿಯನ್ನು ಕೇಳಿಯೇಬಿಟ್ಟ.

ಧೂಳಮ್ಮ ತಲೆ ಎತ್ತಲಿಲ್ಲ. "ನೀರಡಿಕಿ ಆಗಿರ್ತದ ಆಕಿಗಿ. ಕುಡೀಲಿ ಬಿಡು."

ಪಾಂಡುರಂಗ ಎದ್ದು ಹೊರಗೆ ಬಂದ. ಅಂಗಳದ ಕಟ್ಟೆಯ ಮೇಲೆ ತುಳಸಿ ಬೋಳಾಗಿ ನಿಂತಿತ್ತು. ಆಡು ಮೇಯ್ದು ಹೋಯಿತೆಂದು ತಾಯಿ ವಾರದಿಂದ ಬೈಯುತ್ತಲೇ ಇದ್ದಳು. ಹಾಳು ಬಿದ್ದ ಮನೆ ಎನಿಸಿತು ಅವನಿಗೆ. ಆ ಗಿಡ ಕಡಿದರೆ ಗಯಾಳಿಗೂ ಬಿಡುಗಡೆ, ತನಗೂ ನಿದ್ದೆ.

ಮರುದಿನ ಮಟಮಟ ಮಧ್ಯಾಹ್ನ ಕೊಡಲಿ ಹಿಡಿದು ತೋಟಕ್ಕೆ ಬಂದ. ಮೂರನೆಯ ಗಿಡದ ಕೆಳಗೆ ಯಾರೋ ಹೆಂಗಸು. ಹತ್ತಿರ ಹೋದರೆ, ಧೂಳಮ್ಮ!

ತುದಿಗಾಲಲ್ಲಿ ನಿಂತು, ಅರೆದ ತುಳಸಿಯನ್ನು ಮುಷ್ಟಿಯಿಂದ ಕುಡಿಕೆಗೆ ಹಿಂಡುತ್ತಿದ್ದಳು. ಆ ವಾಸನೆಗೆ ನೊಣಗಳು ಅವಳ ಬೆರಳಿಗೇ ಮುತ್ತುತ್ತಿದ್ದವು. ಮಗ ಹಿಂದೆ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಕುಡಿಯವ್ವಾ ಗಯಾ," ಎನ್ನುತ್ತಿದ್ದಳು, "ಅವತ್ತ ನೀರು ನೀರು ಅಂತ ಬಾಯಿ ಬಿಟ್ಟಿ. ತಂಬಿಗಿ ಕೈಯಾಗ ಹಿಡಕೊಂಡೇ ಕುಂತಿದ್ದೆ, ಒಂದು ಹನಿ ಹಾಕಲಿಲ್ಲ."